ಗರಿಯಿಂದ ಹುಟ್ಟಿದ ಹಕ್ಕಿಗಳು

ಈ ವಾರ ಪಾಲಿಪ್ಲೆಕ್ಟ್ರಾನ್ ಕುಲದ ಜೋಡಿ ಮುಳ್ಳುಗಾಲಿನ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಸ್ವಲ್ಪ ಕಾಯಲಿ. ಫೆಸೆಂಟುಗಳ ಮಾತು ಬಂದಾಗಲೆಲ್ಲ ಎದುರಾಗುವ ಪಂಥವೊಂದಿದೆ. ಹೊಸ ಹೆಸರೊಂದು ಅಚ್ಚಾದ ಕೂಡಲೇ ಜಗತ್ತಿಗೆ ಹೊಸ ಪ್ರಭೇದವೇ ಬಂದಿತೆಂದು ನಂಬಿ, ತಮ್ಮ ಪಟ್ಟಿಗೆ ಒಂದಂಕಿ ಕೂಡಿಸಿಕೊಳ್ಳುವ ಪಟ್ಟಿಪ್ರಿಯರ ಪಂಥ ಅದು. ಅವರೊಂದಿಗೆ ಈ ಅಂಕಣದ ಜಗಳ ಹಳೆಯದು. ಹೆಸರಿಡುವವರು ಕಾಯುವುದನ್ನು ಕಲಿಯಬೇಕು ಎಂಬುದು ನನ್ನ ವಾದ. ಅದಕ್ಕೆ ಫೆಸೆಂಟುಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

1871ನೇ ಇಸವಿಯನ್ನೇ ನೋಡಿ. ಡಾರ್ವಿನ್ನರ ‘ದಿ ಡಿಸೆಂಟ್ ಆಫ್ ಮ್ಯಾನ್’ ಹೊರಬಂದ ವರ್ಷ. ಹೆಣ್ಣಿನ ಆಯ್ಕೆಯೇ ಗಂಡಿನ ಸೊಬಗನ್ನು ರೂಪಿಸಿತು ಎಂದು ವಾದಿಸಲು ಅವರು ಮಲಯ, ಸುಮಾತ್ರ, ಬೋರ್ನಿಯೊ ಕಾಡುಗಳ ಆರ್ಗಸ್ ಫೆಸೆಂಟಿನ ರೆಕ್ಕೆಯನ್ನು ಕೈಗೆತ್ತಿಕೊಂಡರು. ಹಕ್ಕಿಗಳ ಮೇಲೆ ಬಂದಿರುವ ಗದ್ಯದಲ್ಲಿ ನನಗೆ ಅದಕ್ಕಿಂತ ಪ್ರಿಯವಾದ ಭಾಗ ಇನ್ನೊಂದಿಲ್ಲ. ಆ ಗರಿಗಳ ಮೇಲಿನ ಕಣ್ಣುಗಳು ಗುಣಿಯೊಳಗೆ ಕೂರಿಸಿದ ಗುಂಡಿನಂತೆ ಉಬ್ಬಿ ಕಾಣುತ್ತವೆ. ಬೆಳಕು ಮೇಲಿಂದ ಬಿದ್ದಂತೆ ನೆರಳು ಕೂಡ ಬಣ್ಣದಲ್ಲೇ ಬರೆದಿದೆ. ಇಂಥ ಕುಶಲತೆ ಒಂದೇ ಏಟಿಗೆ ಹುಟ್ಟುವುದು ಹೇಗೆ? ಡಾರ್ವಿನ್ ಉತ್ತರಕ್ಕಾಗಿ ದೂರ ಹೋಗುವುದಿಲ್ಲ; ಅದೇ ರೆಕ್ಕೆಯ ಮೇಲೆ ಗರಿಯಿಂದ ಗರಿಗೆ ನಡೆಯುತ್ತಾರೆ. ಇಲ್ಲಿ ಬರೀ ಚುಕ್ಕೆಗಳು; ಪಕ್ಕದಲ್ಲಿ ಚುಕ್ಕೆಗಳು ಕೂಡಿ ಪಟ್ಟೆ; ಮುಂದೆ ಪಟ್ಟೆ ಬಾಗಿ ಅರೆ ಉಂಗುರ; ಆಮೇಲೆ ನೆರಳು ತುಂಬಿದ ಪೂರ್ಣ ಕಣ್ಣು. ಹಂತಗಳೆಲ್ಲ ಒಂದೇ ಹಕ್ಕಿಯ ಮೈಮೇಲೆ. ಒಂದೇ ಜೀವದೊಳಗೆ ಎಷ್ಟೊಂದು ವೈವಿಧ್ಯ ಅಡಗಿರಬಲ್ಲದು ಎಂಬುದಕ್ಕೆ ಬೇರೆ ಪಾಠ ಬೇಡ.

ಆ ಪಾಠವನ್ನು ಹತ್ತಿರದಿಂದ ಬಲ್ಲವನೇ ಎಡವಿದ್ದು ತಮಾಷೆ. ಥಾಮಸ್ ಡಬ್ಲ್ಯು. ವುಡ್ ಡಾರ್ವಿನ್ನರ ಆ ಗ್ರಂಥಕ್ಕೂ ವಾಲೇಸರ ‘ಮಲಯ್ ಆರ್ಕಿಪೆಲಾಗೊ’ಗೂ ಚಿತ್ರ ಬರೆದ ಕಲಾವಿದ. ಹೆಣ್ಣಿನೆದುರು ರೆಕ್ಕೆ ಬಿಚ್ಚಿ ನಿಂತ ಆರ್ಗಸ್‌ನ ಪ್ರಸಿದ್ಧ ಚಿತ್ರ ಅವನದೇ. ಅದೇ 1871ರಲ್ಲಿ, ಟೋಪಿ ಅಲಂಕಾರಕ್ಕೆಂದು ಲಂಡನ್ನಿಗೆ ಬಂದಿದ್ದ ಸರಕಿನಲ್ಲಿ ಸಿಕ್ಕ ಒಂದು ಗರಿಯ ತುಣುಕನ್ನು ನೋಡಿ ಅವನು ಆರ್ಗಸ್ ಬೈಪಂಕ್ಟೇಟಸ್ ಎಂಬ ಹೊಸ ಪ್ರಭೇದವನ್ನೇ ಘೋಷಿಸಿದ. ಮಾಮೂಲು ಆರ್ಗಸ್‌ನ ಹಾರುಗರಿಯಲ್ಲಿ ಬಿಳಿ ಚುಕ್ಕೆಗಳಿರುವ ಕಂದುಗೆಂಪು ಪಟ್ಟೆ ದಂಟಿನ ಒಂದೇ ಬದಿಗಿರುತ್ತದೆ. ಈ ತುಣುಕಿನಲ್ಲಿ ಎರಡೂ ಬದಿಗಿತ್ತು. ಇಷ್ಟೇ ಆಧಾರ. ಹಕ್ಕಿಯನ್ನು ಯಾರೂ ಕಂಡಿಲ್ಲ, ಊರು ಗೊತ್ತಿಲ್ಲ. ಆದರೂ ಅದರ ನೆಲೆ ಜಾವಾ ಇರಬೇಕೆಂದು ಕೆಲವರು, ಮಲಯದ ತಿಯೋಮನ್ ದ್ವೀಪವಿರಬೇಕೆಂದು ಕೆಲವರು ಊಹಿಸುತ್ತ ಹೋದರು. ಆ ಗರಿಯಿಂದ ಹಾರಲಾಗದು, ಹಾಗಾಗಿ ಅದು ಹಾರಲಾರದ ಹಕ್ಕಿ ಎಂದವರೂ ಇದ್ದಾರೆ. ಹುಟ್ಟಿತ್ತೋ ಇಲ್ಲವೋ ತಿಳಿಯದ ಹಕ್ಕಿ ಅಳಿದುಹೋದವುಗಳ ಪಟ್ಟಿಗೂ ಏರಿತು. ಅದು ಮಾಮೂಲು ಆರ್ಗಸ್ಸೊಂದರ ವಿಕೃತ ಗರಿ ಎಂಬ ತೀರ್ಮಾನ ಬಲವಾಗಿ ಮಂಡನೆಯಾದದ್ದು 2010ರಲ್ಲಿ.

ಗರಿಯಿಂದ ಹೆಸರಿಡುವುದೇ ತಪ್ಪೆಂದರೆ ರೈನಾರ್ಡಿಯ ಒಸೆಲ್ಲಾಟಾಗೆ ಏನು ಹೇಳುತ್ತೀರಿ ಎಂದು ಪಟ್ಟಿಪ್ರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅನ್ನಾಮಿನ ಕಾಡಿನ ಆ ಜುಟ್ಟಿನ ಆರ್ಗಸ್‌ಗೆ ಎಲಿಯಟ್ ಹೆಸರಿಟ್ಟದ್ದೂ 1871ರಲ್ಲೇ. ಅದೂ ಪ್ಯಾರಿಸ್ಸಿನ ಸಂಗ್ರಹದಲ್ಲಿದ್ದ ಗರಿಗಳ ಬಲದಿಂದ. ಆ ಹಕ್ಕಿ ನಿಜಕ್ಕೂ ಇತ್ತು. ಬಾಲದ ಗರಿಯೋ ಮಾರುದ್ದ. ಆದರೆ ಆ ಗರಿಗಳು ಗೊತ್ತಿದ್ದ ಯಾವ ಹಕ್ಕಿಯ ಗರಿಗೂ ಹೊಂದುತ್ತಿರಲಿಲ್ಲ. ವುಡ್‌ನ ಗರಿಯಾದರೋ ಗೊತ್ತಿದ್ದ ಹಕ್ಕಿಯ ಗರಿಯೇ. ಪಟ್ಟೆಯೊಂದು ಎರಡಾಗಿತ್ತು, ಅಷ್ಟೇ. ಕಾಯುವುದು ಹೇಗೆಂದು ತಿಳಿಯಬೇಕಾದರೆ ಏಷ್ಯಾದಾಚೆಗೆ, ಕಾಂಗೊ ನವಿಲಿನ ಬಳಿಗೆ ಹೋಗಬೇಕು. ಜೇಮ್ಸ್ ಚಾಪಿನ್‌ಗೆ 1913ರಲ್ಲಿ ಅಲ್ಲಿನವರ ತಲೆಯುಡುಗೆಯಲ್ಲಿ ಗುರುತು ಹತ್ತದ ಗರಿಯೊಂದು ಸಿಕ್ಕಿತು. ಅವರು ಹೆಸರಿಡಲಿಲ್ಲ, ಗರಿಯನ್ನು ಎತ್ತಿಟ್ಟುಕೊಂಡರು. 1936ರಲ್ಲಿ ಬೆಲ್ಜಿಯಮ್ಮಿನ ಟೆರ್ವುರೆನ್ ಸಂಗ್ರಹಾಲಯದಲ್ಲಿ, ಎಳೆಯ ಭಾರತೀಯ ನವಿಲೆಂಬ ಚೀಟಿ ಹೊತ್ತು ನಿಂತಿದ್ದ ಜೋಡಿ ಹಕ್ಕಿಗಳನ್ನು ಕಂಡ ಮೇಲೆಯೇ ಆಫ್ರೊಪಾವೊ ಕಾಂಜೆನ್ಸಿಸ್ ಎಂದು ಬರೆದರು. ಇಪ್ಪತ್ತಮೂರು ವರ್ಷ ತಡೆದದ್ದರಿಂದ ಆ ಹೆಸರಿಗೆ ಎಳ್ಳಷ್ಟೂ ಕುಂದಾಗಲಿಲ್ಲ.

ಇಡೀ ಹಕ್ಕಿಯೇ ಕೈಯಲ್ಲಿದ್ದರೂ ಅವಸರ ಕೆಡಿಸುತ್ತದೆ. ನಮ್ಮ ನವಿಲಿನಲ್ಲೇ ಕಪ್ಪುರೆಕ್ಕೆಯ ಬಗೆಯೊಂದನ್ನು ಸ್ಕ್ಲೇಟರ್ 1860ರಲ್ಲಿ ಪಾವೊ ನೈಗ್ರಿಪೆನ್ನಿಸ್ ಎಂದು ಬೇರೆ ಮಾಡಿದ್ದರು. ಸಾಕಿದ ಮಾಮೂಲು ನವಿಲುಗಳ ಹಿಂಡಿನಲ್ಲೇ ಅಂಥವು ಹಠಾತ್ತನೆ ಹುಟ್ಟುತ್ತವೆಂದು ಡಾರ್ವಿನ್ ಉದಾಹರಣೆ ಕೂಡಿಸಿ ಅದನ್ನು ಅಲ್ಲಗಳೆದರು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ವಿಯೆಟ್ನಾಮಿನ ಲೋಫುರಗಳ ಕಥೆ ಹಾಗಲ್ಲ. 1923ರಲ್ಲಿ ಜೀವಂತ ಸಿಕ್ಕ ಒಂದು ಜೋಡಿಯನ್ನು ದೆಲಾಕೂರ್ ಮತ್ತು ಜಾಬೂಯ್ ಮರುವರ್ಷ ಲೋಫುರ ಇಂಪೀರಿಯಾಲಿಸ್ ಎಂದು ಕರೆದರು. ಚೂರುಚೂರಾಗಿದ್ದ ಕುಲಗಳನ್ನು ಲೋಫುರದೊಳಗೆ ಒಟ್ಟುಗೂಡಿಸಿದ ದೆಲಾಕೂರರೂ ಈ ಮೋಹಕ್ಕೆ ಬಿದ್ದರಲ್ಲ! ಆ ‘ಚಕ್ರವರ್ತಿ’ ಬೆಳ್ಳಿ ಫೆಸೆಂಟ್ ಮತ್ತು ಎಡ್ವರ್ಡ್ಸ್ ಫೆಸೆಂಟುಗಳ ಮಿಶ್ರತಳಿಯೆಂದು 2003ರ ಹೊತ್ತಿಗೆ ಸ್ಪಷ್ಟವಾಯಿತು. ಲೋಫುರ ಹಾತಿನ್ಹೆನ್ಸಿಸ್ ಇನ್ನೂ ಕಹಿ. 1964ರಲ್ಲಿ ಹಾ ತಿನ್ಹ್ ಪ್ರಾಂತ್ಯದಲ್ಲಿ ಸಿಕ್ಕು 1975ರಲ್ಲಿ ಹೆಸರು ಪಡೆದ ಈ ಹಕ್ಕಿಗೂ ಎಡ್ವರ್ಡ್ಸಿಗೂ ಎದ್ದು ಕಾಣುವ ವ್ಯತ್ಯಾಸ ಬಾಲದ ನಡುವಿನ ಬಿಳಿ ಗರಿಗಳು. ಹತ್ತಿರದ ರಕ್ತಸಂಬಂಧದಲ್ಲೇ ಮರಿಮಾಡುತ್ತ ಬಂದ ಸಾಕಿದ ಎಡ್ವರ್ಡ್ಸ್ ಫೆಸೆಂಟುಗಳಲ್ಲೂ ಅದೇ ಬಿಳಿ ಗರಿ ಮೂಡಿತು. ಕಾಡು ತುಂಡಾಗಿ ಹಿಂಡು ಕುಗ್ಗಿದ್ದರ ಲಕ್ಷಣವನ್ನು ನಾವು ಪ್ರಭೇದವೆಂದು ಓದಿದ್ದೆವು. ಒಂದೇ ಹಕ್ಕಿಯ ಅಳಿದುಳಿದ ಸಂಖ್ಯೆ ಎರಡು ಖಾತೆಗಳಲ್ಲಿ ಹಂಚಿಹೋಗಿತ್ತು. ಖಾತೆ ಒಂದಾದ ಮೇಲೆ, 2012ರಲ್ಲಿ, ಎಡ್ವರ್ಡ್ಸಿಯನ್ನು ತೀವ್ರ ಅಪಾಯದ ವರ್ಗಕ್ಕೆ ಸೇರಿಸಲಾಯಿತು. ಕಾಡಿನಲ್ಲಿ ಅದು ಕೊನೆಯ ಬಾರಿ ಖಚಿತವಾಗಿ ಕಂಡದ್ದು 2000ದಲ್ಲಿ.

ಹೆಸರಿಲ್ಲದಿದ್ದರೆ ಕಾನೂನಿನ ರಕ್ಷಣೆಯೂ ಇಲ್ಲ, ಒಟ್ಟುಗೂಡಿಸುವವರೂ ಹಕ್ಕಿಗಳನ್ನು ಕೊಂದಿದ್ದಾರೆ ಎಂಬುದು ಎದುರಾಳಿಗಳ ಗಟ್ಟಿ ಮಾತು. ಇದನ್ನು ಒಪ್ಪಲೇಬೇಕು. ಮಾತು ಕೊಟ್ಟ ಪಾಲಿಪ್ಲೆಕ್ಟ್ರಾನ್ ಇಲ್ಲೇ ಬಂತು ನೋಡಿ. ಹೈನಾನ್ ದ್ವೀಪದ ಹಕ್ಕಿಗೆ ರಾಥ್‌ಶೈಲ್ಡ್ 1906ರಲ್ಲಿ ಕತ್ಸುಮಾಟೇ ಎಂಬ ಹೆಸರು ಕೊಟ್ಟರು. ಇಪ್ಪತ್ತನೆಯ ಶತಮಾನದ ಬಹುಕಾಲ ಅದನ್ನು ಬೂದು ನವಿಲು-ಫೆಸೆಂಟಿನ ಉಪಜಾತಿಯೆಂದು ಬದಿಗೆ ಸರಿಸಿದ್ದರು. ಆನುವಂಶಿಕ ಪರೀಕ್ಷೆ ಅದನ್ನು ಪ್ರತ್ಯೇಕವೆಂದು ಎತ್ತಿಹಿಡಿಯುವ ಹೊತ್ತಿಗೆ ದ್ವೀಪದ ಕಾಡು ಬಹಳಷ್ಟು ಹೋಗಿತ್ತು. ಆದರೆ ಗಮನಿಸಿ: ಅಲ್ಲಿಯೂ ಕೆಟ್ಟದ್ದು ಸಾಕ್ಷಿಗೆ ಕಾಯದ ಚಟವೇ. ಸಾಕ್ಷಿಯಿಲ್ಲದೆ ಕೂಡಿಸಿದ್ದೂ ಅವಸರವೇ, ಸಾಕ್ಷಿಯಿಲ್ಲದೆ ಒಡೆದದ್ದೂ ಅವಸರವೇ. ಇನ್ನು ರಕ್ಷಣೆಗೆ ಪ್ರಭೇದದ ಪಟ್ಟವೇ ಬೇಕೆಂದಿಲ್ಲ; ಒಂದು ದ್ವೀಪದ ಹಿಂಡನ್ನು ಹಿಂಡೆಂದೇ ಕಾಯಲು ಯಾವ ಅಡ್ಡಿಯೂ ಇಲ್ಲ.

ಹಳೆಯ ಕೈಪಿಡಿ ಇಟ್ಟುಕೊಂಡಿರುವ ಓದುಗರು ಬೈಪಂಕ್ಟೇಟಸ್, ನೈಗ್ರಿಪೆನ್ನಿಸ್, ಇಂಪೀರಿಯಾಲಿಸ್, ಹಾತಿನ್ಹೆನ್ಸಿಸ್ ನಾಲ್ಕನ್ನೂ ಪೆನ್ಸಿಲಿನಲ್ಲಿ ಹೊಡೆದುಹಾಕಿ, ಕತ್ಸುಮಾಟೇಗೆ ಅದರದೇ ಸಾಲು ಕೊಡಿ. ಮುಳ್ಳುಗಾಲಿನ ಬಾಕಿಯನ್ನು ಮುಂದಿನ ವಾರ ತೀರಿಸುತ್ತೇನೆ.