ಹಳೆಯಂಗಡಿಯಲ್ಲಿ ಬಸ್ಸಿಳಿದು

ಮಂಗಳೂರಿನ ಉರ್ವದಲ್ಲಿ ಮನೆಯಿದ್ದು, ಬೆಳಗ್ಗೆ ಓಡುವ ಚಟವೂ ಇದ್ದವರಿಗೆ ಮೊದಲು ಸಿಗುವುದು ಮಂಗಳಾ ಕ್ರೀಡಾಂಗಣ. ಅಲ್ಲಿನ ಟ್ರ್ಯಾಕಿನ ಬಗ್ಗೆ ನನಗೆ ತಕರಾರಿಲ್ಲ, ವೇಗ ತಿದ್ದಿಕೊಳ್ಳಲು ಅದೇ ಸರಿ. ಆದರೆ ನಾನೂರು ಮೀಟರಿನ ಸುತ್ತನ್ನು ಇಪ್ಪತ್ತು ಸಲ ಸುತ್ತಿ ಬಂದವರಲ್ಲಿ ಏನು ಕಂಡಿರಿ ಎಂದು ಕೇಳಿ ನೋಡಿ, ಕೈಗಡಿಯಾರ ತೋರಿಸುತ್ತಾರೆ. ರಸ್ತೆಗಿಳಿದರೆ ಮಣ್ಣಗುಡ್ಡೆ, ಲೇಡಿಹಿಲ್, ಚಿಲಿಂಬಿ, ಉರ್ವಸ್ಟೋರ್ ಎಂದು ಬಹುಪಾಲು ಕಾಂಕ್ರೀಟು. ಅದು ಬಸ್ಸಿನ ಟಯರಿಗೆ ಒಳ್ಳೆಯದು, ಮೊಣಕಾಲಿಗಲ್ಲ.

ಪಡುವಣಕ್ಕೆ ಬೋಳೂರಿನ ಮೂಲಕ ಸುಲ್ತಾನ್ ಬತ್ತೇರಿಗೆ ಇಳಿಯುವವರು ನಮ್ಮಲ್ಲಿ ಹೆಚ್ಚು. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಆ ಕಾವಲು ಬುರುಜಿನ ಬುಡದಲ್ಲೇ ದೋಣಿ ಹತ್ತಿ ಫಲ್ಗುಣಿ ದಾಟಿದರೆ ತಣ್ಣೀರುಬಾವಿ. ಅಲ್ಲಿಂದ ದಕ್ಷಿಣಕ್ಕೆ ಬೆಂಗ್ರೆಯ ತುದಿ, ಅಳಿವೆಬಾಗಿಲು. ನೀರಿಳಿತದ ಹೊತ್ತಿಗೆ ಹಸಿ ಮರಳು ಗಟ್ಟಿಯಾಗಿ ಕೂತಿರುತ್ತದೆ, ಕಾಲಿಗೆ ಹಿತ. ಒಂದೇ ತೊಡಕೆಂದರೆ ಕಡಲದಂಡೆ ಇಳಿಜಾರು. ಹೋಗುವಾಗ ಒಂದು ಸೊಂಟಕ್ಕೆ ಬಿದ್ದ ಭಾರ ಬರುವಾಗ ಇನ್ನೊಂದಕ್ಕೆ ಬೀಳಬೇಕು. ಹಾಗಾಗಿ ಹೋದ ದಾರಿಯಲ್ಲೇ ಹಿಂದಿರುಗುವುದು ಕಡ್ಡಾಯ. ಒಳ್ಳೆಯ ದಾರಿಯೇ ಅದು. ಆದರೂ ನನ್ನ ಭಾನುವಾರ ಅದಕ್ಕೆ ಸಲ್ಲುವುದಿಲ್ಲ.

ಭಾನುವಾರ ನಾನು ಲೇಡಿಹಿಲ್‌ನಲ್ಲಿ ಮೂಲ್ಕಿ ಕಡೆಯ ಮೊದಲ ಬಸ್ಸುಗಳಲ್ಲೊಂದನ್ನು ಹತ್ತಿ ಹಳೆಯಂಗಡಿಯಲ್ಲಿ ಇಳಿಯುತ್ತೇನೆ. ಓಡುವುದಕ್ಕೆ ಬಸ್ಸಿನಲ್ಲಿ ಹೋಗುವುದೇ ಎಂದು ನಗುವವರು ನಗಲಿ. ಹೆದ್ದಾರಿಗೆ ಬೆನ್ನು ಹಾಕಿ, ಪಕ್ಷಿಕೆರೆಯ ದಾರಿ ಹಿಡಿದು, ಕೊಂಕಣ ರೈಲಿನ ಹಳಿ ದಾಟಿದರೆ ಸಾಕು, ಎಡಕ್ಕೂ ಬಲಕ್ಕೂ ಬೈಲಿಗಿಳಿಯುವ ಕವಲುಗಳು ಶುರುವಾಗುತ್ತವೆ. ನಂದಿನಿ, ಶಾಂಭವಿ ಎರಡೂ ಹೊಳೆಗಳು ಈ ಊರುಗಳ ಆಚೀಚೆ ಹರಿದು ಸಸಿಹಿತ್ಲುವಿನಲ್ಲಿ ಒಂದಾಗಿ ಕಡಲು ಸೇರುತ್ತವೆ. ಅವುಗಳಿಗೆ ಸೇರುವ ತೋಡುಗಳ ಜಾಡಿನಲ್ಲಿ ಕಿನ್ನಿಗೋಳಿಯವರೆಗೆ ಏರಿಳಿಯುವುದು ನನ್ನ ಲೆಕ್ಕದಲ್ಲಿ ಉರ್ವದವರಿಗೆ ದಕ್ಕುವ ಅತ್ಯುತ್ತಮ ಓಟ.

ನಮ್ಮ ರೈತರು ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದು ನೀರನ್ನು ನೋಡಿ. ಕೆಳಗಿನ ಬೈಲಿಗೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ನಡುವಿನ ಮಜಲಿಗೆ ಎರಡು, ಮೇಲಿನ ಬೆಟ್ಟಿಗೆ ಮಳೆಗಾಲದ ಒಂದೇ. ಓಡುವವನಿಗೂ ಇದೇ ನಕಾಶೆ ಸಾಕು. ಬೈಲಿನಂಚು ಸಮತಟ್ಟು, ಅಲ್ಲಿ ಉಸಿರು ಲಯಕ್ಕೆ ಕೂರುತ್ತದೆ. ಮಜಲಿನಲ್ಲಿ ಏರು ಶುರು. ಬೆಟ್ಟು ದಾಟಿ ಮುರಕಲ್ಲಿನ ಗುಡ್ಡೆಗೆ ಬಂದರೆ ತೊಡೆ ಮಾತಾಡತೊಡಗುತ್ತದೆ. ಬೈಲಿನಲ್ಲಿ ಹೊರಟು, ಒಂದೆರಡು ಸಲ ಗುಡ್ಡೆ ಮುಟ್ಟಿ, ಮತ್ತೆ ಬೈಲಿಗಿಳಿಯುವ ಹಾಗೆ ದಾರಿ ಹೊಂದಿಸಿಕೊಳ್ಳುವುದರಲ್ಲಿ ಜಾಣತನವಿದೆ.

ಈ ದಾರಿಯಲ್ಲಿ ಒಂದೇ ವೇಗ ಕಾಯ್ದುಕೊಳ್ಳುವುದು ಸಾಧ್ಯವೇ ಇಲ್ಲ. ನನಗೆ ಅದು ಹಿಡಿಸಿದ್ದೂ ಆ ಕಾರಣಕ್ಕೇ. ಮೊದಲ ಅಡ್ಡಿ ತಡಮೆ. ಮುರಕಲ್ಲಿನ ಪಾಗಾರದ ನಡುವೆ ಒಂದಾಳು ಅಗಲದ ಕಿಂಡಿ, ಎರಡು ಬದಿಗೂ ತೂತು ಕೊರೆದ ಕಂಬ, ತೂತಿಗೆ ಅಡ್ಡ ತೂರಿಸಿದ ಎರಡು ಮೂರು ಮರದ ಗಳು. ಮನುಷ್ಯ ಕಾಲೆತ್ತಿ ದಾಟಬಹುದು, ದನಕ್ಕಾಗದು. ಕೆಳಗಿನ ಗಳು ಪಾದ ಊರಿ ಊರಿ ನಡುಭಾಗ ಸವೆದು ನುಣ್ಣಗಾಗಿರುತ್ತದೆ. ಇಬ್ಬನಿ ಬಿದ್ದ ಬೆಳಗ್ಗೆ ಅಲ್ಲಿ ಶೂ ಇಟ್ಟರೆ ಜಾರಿತೆಂದೇ ಲೆಕ್ಕ. ಕಂಬ ಹಿಡಿದು ಗಳುವಿನ ತುದಿಯಲ್ಲಿ ಕಾಲಿಡಬೇಕು. ಈಗ ಹಲವು ಕಡೆ ಕಬ್ಬಿಣದ ಗೇಟು ಬಂದಿದೆ, ಗೇಟಿಗೆ ಬೀಗವೂ ಬಂದಿದೆ.

ಆಮೇಲೆ ಕಟ್ಟಪುಣಿ. ಗದ್ದೆಯ ಈ ಬದುವಿನ ಮೇಲೆ ಹೆಜ್ಜೆ ಗಿಡ್ಡವಾಗಬೇಕು, ಕಣ್ಣು ಎರಡು ಮಾರು ಮುಂದಿರಬೇಕು. ಅಡಿಕೆ ಮರದ ಸಂಕದಲ್ಲಿ ಓಡಬಾರದು, ನಡೆಯಬೇಕು. ಈ ಎಲ್ಲಕ್ಕಿಂತ ನನಗೆ ಪ್ರಿಯ ಕಿಂಡಿ ಅಣೆಕಟ್ಟು. ಮಳೆ ನಿಂತ ಮೇಲೆ ಕಂಬಗಳ ಸೀಳುಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತಾರೆ. ಮೇಲಿನಿಂದ ಬಂದ ಸಿಹಿನೀರು ಸುಗ್ಗಿಗೆ ನಿಲ್ಲಬೇಕು, ಭರತದಲ್ಲಿ ಏರುವ ಉಪ್ಪುನೀರು ಆಚೆಯೇ ಉಳಿಯಬೇಕು. ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆಯುತ್ತಾರೆ. ಮೇಲಿನ ಕಾಲುಹಾದಿ ಒಂದು ಬೈಕು ಹೋಗುವಷ್ಟು ಅಗಲ. ನಡುವೆ ನಿಂತು ನೋಡಿದರೆ ಒಂದು ಬದಿಗೆ ತುಂಬಿ ನಿಂತ ಹಸಿರು ನೀರು, ಇನ್ನೊಂದು ಬದಿಗೆ ಕೆಸರಿನಲ್ಲಿ ಏಡಿಯ ತೂತುಗಳು. ಆ ಒಂದು ನಿಮಿಷಕ್ಕೆ ನಾನು ಗಡಿಯಾರ ನಿಲ್ಲಿಸುವುದಿಲ್ಲ. ಅದೂ ಓಟದ ಭಾಗವೇ.

ಈ ದಾರಿಗಳೆಲ್ಲ ಯಾರದೋ ಜಾಗದ ನಡುವೆ ಹೋಗುವಂಥವು. ಇಂಗ್ಲೆಂಡಿನಲ್ಲಿ 1949ರ ಕಾಯ್ದೆ ಪ್ರತಿ ಕೌಂಟಿಯೂ ತನ್ನ ಸಾರ್ವಜನಿಕ ಕಾಲುದಾರಿಗಳ ನಕಾಶೆ ಮಾಡಬೇಕೆಂದಿತು. ಅಲ್ಲಿ ಓಡುವವರು ಒಬ್ಬರ ಹೊಲದ ನಡುವೆ ಹಕ್ಕಿನಿಂದ ಹೋಗುತ್ತಾರೆ. ನಮ್ಮ ಗ್ರಾಮ ನಕಾಶೆಗಳಲ್ಲೂ ಕಾಲುದಾರಿ, ಬಂಡಿದಾರಿಗಳ ಗುರುತಿದೆ, ಆದರೆ ದಿನನಿತ್ಯದಲ್ಲಿ ನಡೆಯುವುದು ರೂಢಿ. ಶಾಲೆಗೆ, ಭಜನಾ ಮಂದಿರಕ್ಕೆ, ಹಾಲಿನ ಡೈರಿಗೆ ಹೋಗುವವರನ್ನು ಯಾರೂ ತಡೆಯುವುದಿಲ್ಲ. ಆ ಸಲುಗೆಯಲ್ಲೇ ನಾವೂ ನುಸುಳಿಕೊಳ್ಳುತ್ತೇವೆ. ಅದಕ್ಕೇ ನನ್ನ ದಾರಿಯ ಪೂರ್ತಿ ಗೆರೆಯನ್ನು ಓಟ ದಾಖಲಿಸುವ ಸ್ಟ್ರಾವಾ ಆ್ಯಪಿನಲ್ಲಿ ಹಾಕುವುದಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ಇಬ್ಬರು ಓಡಿದರೆ ದಾರಿಹೋಕರು. ನಲವತ್ತು ಮಂದಿ ಒಂದೇ ಬಣ್ಣದ ಅಂಗಿ ತೊಟ್ಟು ಓಡಿದರೆ ಮೆರವಣಿಗೆ, ಮಾರನೆಯ ವಾರ ತಡಮೆ ಇದ್ದಲ್ಲಿ ಬೀಗ.

ಅಂಗಳದ ಪಕ್ಕ ಹೋಗುವಾಗ ನಡಿಗೆಗೆ ಇಳಿಯಿರಿ. ಮನೆ ನಾಯಿಗೆ ಸಿಟ್ಟು ಬರುವುದು ಓಡುವ ಕಾಲನ್ನು ಕಂಡಾಗ. ‘ಅಕ್ಕಾ, ನಾಯಿ ಉಂಟಾ?’ ಎಂದು ಮೊದಲೇ ಕೂಗಿದರೆ ಒಳಗಿನಿಂದ ‘ಏನೂ ಮಾಡುದಿಲ್ಲ, ಬನ್ನಿ’ ಎಂಬ ಉತ್ತರ ಬರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಬಸ್‌ಸ್ಟ್ಯಾಂಡಿನ ಹಿರಿಯರೊಬ್ಬರಂತೂ ಕಂಡಾಗಲೆಲ್ಲ ‘ಎಂತಕ್ಕೆ ಓಡುದು ಮಾರಾಯ್ರೇ, ಬಸ್ಸಿಗೆ ಇನ್ನೂ ಹತ್ತು ನಿಮಿಷ ಉಂಟು’ ಎನ್ನುತ್ತಾರೆ. ಬೆಳಕು ಹರಿಯುವ ಮೊದಲು ಗದ್ದೆಗಿಳಿಯುವುದು ಮಾತ್ರ ಬೇಡ. ಕೊಯ್ಲಿನ ಹೊತ್ತಿಗೆ ಇಲಿ ಹುಡುಕಿಕೊಂಡು ಕೊಳಕುಮಂಡಲ ಬದುವಿನಲ್ಲೇ ಇರುತ್ತದೆ. ಡಿಸೆಂಬರಿನಲ್ಲಿ ಆರೂವರೆ ದಾಟುವವರೆಗೆ ಡಾಮರು ರಸ್ತೆಯಲ್ಲೇ ಓಡಿ.

ಕಿನ್ನಿಗೋಳಿಯ ಬಳಿಯೇ ಐಕಳ. 2020ರ ಫೆಬ್ರವರಿ 1ರಂದು ಅಲ್ಲಿನ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿರಬಹುದು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದರು, ಉಸೇನ್ ಬೋಲ್ಟರ 9.58ರ ಪಕ್ಕ ಇಟ್ಟರು, ದೇಶವೆಲ್ಲ ಕುಣಿಯಿತು. ಕೋಣ ಎಳೆಯುವ ಓಟವನ್ನು ಒಂಟಿ ಓಟಕ್ಕೆ ಹೋಲಿಸುವುದು ಸರಿಯಲ್ಲ ಎಂಬುದು ಕಂಬಳ ಬಲ್ಲವರಿಗೆ ಗೊತ್ತಿತ್ತು. ಗೌಡರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಬೆರಳಿನದು ಎಂದು ಅವರು ತಮ್ಮನ್ನು ಕರೆದ ಟ್ರ್ಯಾಕಿನ ಆಯ್ಕೆ ಓಟಕ್ಕೆ ಹೋಗಲೊಪ್ಪಲಿಲ್ಲ. ಓಟದ ಬಗ್ಗೆ ನಾನು ಓದಿದ ಎಷ್ಟೋ ಪುಸ್ತಕಗಳಿಗಿಂತ ಈ ಒಂದು ಮಾತು ತೂಕದ್ದು. ಯಾವ ನೆಲವೋ ಆ ಪಾದ. ಕಟ್ಟಪುಣಿಯಲ್ಲಿ ಓಡಿದ ಕಾಲಿಗೆ ಕಾಂಕ್ರೀಟಿನ ಸಮಯ ಕೇಳುವುದು ಅನ್ಯಾಯ.

ಸಮಯದ ಮಾತು ಬಂತೆಂದರೆ ನಮ್ಮ ಹವೆಯನ್ನೂ ನೆನೆಯಬೇಕು. ಬೆವರು ಆರಿದಾಗ ಮಾತ್ರ ಮೈ ತಣಿಯುತ್ತದೆ. ಕರಾವಳಿಯ ತೇವಕ್ಕೆ ಬೆವರು ಆರುವುದಿಲ್ಲ, ಬರೇ ಸುರಿಯುತ್ತದೆ, ಎದೆಬಡಿತ ಏರುತ್ತಲೇ ಹೋಗುತ್ತದೆ. ಬೆಂಗಳೂರಿನ ನೆಂಟರ ವೇಗವನ್ನು ಮಾರ್ಚಿನಲ್ಲಿ ಇಲ್ಲಿ ಹುಡುಕಬೇಡಿ. ಜೊತೆಗಿರುವವರೊಡನೆ ಒಂದು ವಾಕ್ಯ ಪೂರ್ತಿ ಆಡಲಾಗುವಷ್ಟೇ ಓಡಿ, ದಾರಿಯಲ್ಲಿ ಬೊಂಡ ಸಿಕ್ಕಿದರೆ ಬಿಡಬೇಡಿ.

ಬ್ಯಾಗಿನಲ್ಲೊಂದು ಒಣ ಅಂಗಿ ಇರಲಿ, ವಾಪಸು ಬಸ್ಸಿನಲ್ಲಿ ಪಕ್ಕ ಕೂರುವವರ ಮೇಲಿನ ದಯೆಯಿಂದಾದರೂ. ಇನ್ನೂ ಕಾಲಲ್ಲಿ ಕಸುವಿದ್ದರೆ ಕಿನ್ನಿಗೋಳಿಯಿಂದ ಕಟೀಲಿಗೆ ನಾಲ್ಕೈದು ಕಿಲೋಮೀಟರು, ಅಲ್ಲಿಂದ ಬಜಪೆಯ ಮೂಲಕ ಬರುವ ಬಸ್ಸಿದೆ. ನಾನು ಸಾಮಾನ್ಯವಾಗಿ ಕಿನ್ನಿಗೋಳಿಯಲ್ಲೇ ನಿಲ್ಲಿಸುತ್ತೇನೆ, ಯಾಕೆಂದರೆ ಹೋಟೆಲಿನಲ್ಲಿ ಬನ್ಸ್ ಬಿಸಿಯಾಗಿರುವುದು ಎಂಟೂವರೆಯವರೆಗೆ. ತಡವಾದರೆ ಸಜ್ಜಿಗೆ ಬಜಿಲ್ ತಿನ್ನಬೇಕಾಗುತ್ತದೆ. ಅದೂ ಕೆಟ್ಟದ್ದೇನಲ್ಲ.