ಗುಬ್ಬಿಗೆ ಹೊರಟ ಸಮುದ್ರ

ತುಮಕೂರಿನ ಬಿ.ಎಚ್. ರಸ್ತೆ ಹಿಡಿದು ಹೊರಟರೆ ಸುಮಾರು 20 ಕಿಲೋಮೀಟರಿಗೆ ಗುಬ್ಬಿ. ಅಲ್ಲಿ ನಿಲ್ಲದೆ ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿಕೊಂಡು ಹೋದರೆ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ. ಅಷ್ಟು ದೂರದ ಸಮುದ್ರವನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹುಚ್ಚು ಬಯಲುಸೀಮೆಯ ನಮ್ಮ ಊರುಗಳಿಗೂ ಹತ್ತಿದೆ. ಸಾಕುವುದು ಒಂದು ಕಷ್ಟವಾದರೆ, ಮನೆ ಬದಲಿಸುವಾಗ ಅದನ್ನು ಜೊತೆಗೆ ಒಯ್ಯುವುದು ಇನ್ನೊಂದು. ತುಮಕೂರಿನಿಂದ ಗುಬ್ಬಿಗೆ ವರ್ಗವಾದ ಓದುಗರೊಬ್ಬರು ಕೇಳಿದ್ದು ಅದನ್ನೇ: ನಾಲ್ಕಡಿ ಉದ್ದದ ಉಪ್ಪುನೀರಿನ ತೊಟ್ಟಿ, ವರ್ಷಗಳಿಂದ ನೆಲೆಯಾಗಿದೆ, ಹೇಗೆ ಒಯ್ಯಲಿ?

ಮೊದಲು ತೂಕ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 450 ಲೀಟರ್ ನೀರು ಹಿಡಿಯುತ್ತದೆ. 12 ಮಿಲಿಮೀಟರ್ ಗಾಜಾದರೆ ಬರೀ ಗಾಜೇ 90 ಕಿಲೋ. ತಳದಲ್ಲಿ ನಾಲ್ಕು ಬೆರಳು ನೀರು, ಎರಡು ಕಲ್ಲು ಬಿಟ್ಟುಕೊಂಡು ಎತ್ತಿದರೆ ಸಿಲಿಕೋನ್ ಬೆಸುಗೆ ತಿರುಚಿಕೊಳ್ಳುತ್ತದೆ. ಸೋರುವುದು ಆಗ ಗೊತ್ತಾಗುವುದಿಲ್ಲ, ಹೊಸ ಮನೆಯಲ್ಲಿ ತುಂಬಿಸಿದ ಮೇಲೆ ಗೊತ್ತಾಗುತ್ತದೆ. ಪೂರ್ತಿ ಖಾಲಿ ಮಾಡಿ, ಅಡಿಗೆ ಪ್ಲೈವುಡ್ ಕೊಟ್ಟು ನಾಲ್ಕು ಜನ ಎತ್ತಬೇಕು. ಹೊಸ ಜಾಗದಲ್ಲಿ ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ, ಥರ್ಮಾಕೋಲ್ ಹಾಸಿ, ಆಮೇಲೆ ಕೂರಿಸುವುದು. ಇಷ್ಟು ಎಲ್ಲರಿಗೂ ಗೊತ್ತಿರುವ ಮಾತು.

ಎಲ್ಲರೂ ಎಡವುವುದು ನೀರಿನ ಮೋಹದಲ್ಲಿ. ಹಳೆಯ ನೀರೇ ತೊಟ್ಟಿಯ ಜೀವ ಎಂದು ಡ್ರಮ್ಮುಗಟ್ಟಲೆ ಹೊರುವವರನ್ನು ಕಂಡಿದ್ದೇನೆ. ನೀರಿನಲ್ಲಿ ಅಂಥದ್ದೇನೂ ಇಲ್ಲ. ಮೀನಿನ ಹೇಸಿಗೆಯಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡಿಕೊಂಡಿರುವುದು ಬಹಳ ಕಡಿಮೆ. ಅವು ಮನೆ ಮಾಡುವುದು ಕಲ್ಲಿನ ರಂಧ್ರಗಳಲ್ಲಿ. ಸಿರಾಮಿಕ್ ಕಲ್ಲೋ ಸಿಮೆಂಟಿನ ಕಲ್ಲೋ, ಬೆಳ್ಳಗೆ ಬಂದದ್ದು ವರ್ಷಗಳು ಕಳೆದಂತೆ ನೇರಳೆ ಬಣ್ಣದ ಚಕ್ಕೆ ಹೊದ್ದುಕೊಳ್ಳುತ್ತದೆ. ಸುಣ್ಣ ಕಟ್ಟುವ ಪಾಚಿ ಅದು. ಒಣಗಿತೆಂದರೆ ಮತ್ತೆ ಬಿಳಿಚಿಕೊಳ್ಳುತ್ತದೆ. ಮನೆ ಬದಲಿಸುವಾಗ ಒಯ್ಯಬೇಕಾದ ಆಸ್ತಿ ಈ ಕಲ್ಲು. ಅದನ್ನು ಮುಚ್ಚಳದ ಬಕೆಟ್ಟಿನಲ್ಲಿ ತೊಟ್ಟಿಯ ನೀರಿನೊಳಗೇ ಮುಳುಗಿಸಿ ಒಯ್ಯಿರಿ. ಬಕೆಟ್ ಸಾಲದಿದ್ದರೆ ಉಪ್ಪುನೀರಿನಲ್ಲಿ ನೆನೆಸಿದ ದಿನಪತ್ರಿಕೆ ಸುತ್ತಿದರೂ ಆದೀತು; ಈ ಅಂಕಣಕ್ಕೂ ಹಾಗೊಂದು ಉಪಯೋಗವಿದೆ. ಸ್ಪಂಜು ಜೀವಿಗಳು ಅಂಟಿರುವ ಕಲ್ಲನ್ನು ಮಾತ್ರ ಗಾಳಿಗೆ ತೆಗೆಯಬೇಡಿ. ಅವುಗಳ ನಾಳದೊಳಗೆ ಗಾಳಿ ಸಿಕ್ಕಿಕೊಂಡರೆ ಸಾಯುತ್ತವೆ, ಸತ್ತು ಕೊಳೆಯುತ್ತವೆ. ಬಕೆಟ್ಟಿನ ವಿಷಯದಲ್ಲಿ, ಬಣ್ಣದ ಡಬ್ಬ ತೊಳೆದು ಬಳಸುವ ನಮ್ಮ ಮನೆಗಳ ಉಳಿತಾಯಬುದ್ಧಿ ಬೇಡ.

ಕಲ್ಲಿನ ಬಗ್ಗೆ ಎಷ್ಟು ಮೋಹವೋ ಮರಳಿನ ಬಗ್ಗೆ ಅಷ್ಟೇ ನಿರ್ದಯೆ ಬೇಕು. ಹಳೆಯ ಮರಳಿನ ತಳದಲ್ಲಿ ಆಮ್ಲಜನಕವಿಲ್ಲದ ಪದರ ಕಪ್ಪಗಾಗಿರುತ್ತದೆ. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್. ಜೊತೆಗೆ ವರ್ಷಗಳ ಕಸವೂ ಎದ್ದು ಬರುತ್ತದೆ. ಅದೇ ಮರಳನ್ನು ಹೊಸ ಮನೆಯಲ್ಲಿ ಸುರಿದರೆ ರಾತ್ರಿ ಕಳೆಯುವುದರೊಳಗೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತವೆ. ಬಿಸಾಡಿ, ಹೊಸದು ಹಾಕಿ. ಅಷ್ಟೂ ಬಿಸಾಡಲು ಮನಸ್ಸು ಬರದಿದ್ದರೆ ಮೇಲ್ಪದರದ ಒಂದು ಹಿಡಿ ಸಾಕು.

ಗುಬ್ಬಿಗೆ ಅರ್ಧ ಗಂಟೆ. ಗೂಳೂರು, ಹೆಬ್ಬೂರಿನ ಮೇಲೆ ಕುಣಿಗಲ್ಲಿಗಾದರೂ ಒಂದು ಗಂಟೆ. ದಾರಿಯಲ್ಲಿ ಯಾವ ಜೀವವೂ ಸಾಯುವುದಿಲ್ಲ. ಸಾಯುವುದು ಎರಡು ತುದಿಯ ಮನೆಗಳಲ್ಲಿ, ಸಾಮಾನು ಇಳಿಸುವ ಗಲಾಟೆಯಲ್ಲಿ ಬಕೆಟ್ಟು ಮೂಲೆ ಸೇರಿದಾಗ. ನೆಲೆ ಮೊದಲೇ ಸಿದ್ಧವಾಗಿರಬೇಕೆಂಬುದನ್ನು ಗುಬ್ಬಿಯವರಿಗೆ ವಿವರಿಸಬೇಕಿಲ್ಲ. 1884ರಲ್ಲಿ ಅವರ ಊರಿನಲ್ಲಿ ಹುಟ್ಟಿದ ನಾಟಕ ಕಂಪನಿ ಊರೂರಿಗೆ ಕ್ಯಾಂಪ್ ಹಾಕಿದ್ದು ಶೆಡ್ಡು ಎದ್ದ ಮೇಲೆ ನಟರು ಬಣ್ಣ ಹಚ್ಚುವ ಕ್ರಮದಲ್ಲೇ. ಹಾಗೆಯೇ ಹೊಸ ಮನೆಯಲ್ಲಿ ಹಿಂದಿನ ದಿನವೇ ಉಪ್ಪುನೀರು ಸಿದ್ಧವಾಗಿರಬೇಕು. ಬೋರ್‌ವೆಲ್ ನೀರು ಬೇಡ, ಆರ್‌ಒ ನೀರು. ಅದನ್ನೂ ಟಿಡಿಎಸ್ ಮೀಟರಿನಲ್ಲಿ ನೋಡಿಯೇ ಬಳಸುವುದು. ಲೀಟರಿಗೆ 35 ಗ್ರಾಂ ಲವಣದ ಲೆಕ್ಕದಲ್ಲಿ 300 ಲೀಟರಿಗೆ ಹತ್ತು ಕಿಲೋ ದಾಟುತ್ತದೆ. ಅಡುಗೆ ಉಪ್ಪಲ್ಲ, ಸಮುದ್ರಲವಣದ ಮಿಶ್ರಣ. ಪಂಪು ಹಾಕಿ ರಾತ್ರಿಯಿಡೀ ತಿರುಗಿಸಿ, ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಂದ್ರತೆ 1.025ಕ್ಕೆ, ಉಷ್ಣತೆ 26 ಡಿಗ್ರಿ ಆಸುಪಾಸಿಗೆ ತಂದುಕೊಳ್ಳಬೇಕು.

ಮೀನು ಹಿಡಿಯುವುದು ಕೊನೆಗೆ. ಕಲ್ಲು ತೆಗೆದು, ನೀರು ಮೊಣಕೈಗಿಂತ ಕೆಳಗಿಳಿದ ಮೇಲೆ ಕ್ಲೌನ್ ಮೀನೂ ಡ್ಯಾಮ್ಸೆಲ್ಲೂ ತಾವಾಗಿ ಬಲೆಗೆ ಬರುತ್ತವೆ. ಅನೆಮೊನ್ ಕಲ್ಲಿಗೆ ಪಾದ ಊರಿದ್ದರೆ ಕೀಳಬೇಡಿ, ಕಲ್ಲಿನ ಸಮೇತ ಎತ್ತಿ. ಬ್ಯಾಟರಿಯ ಏರ್ ಪಂಪು ಬಕೆಟ್ಟಿಗೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯುವವರಿಗೆ ಒಂದು ರಸಾಯನಶಾಸ್ತ್ರ ತಿಳಿದಿರಲಿ. ಕಟ್ಟಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಅಮೋನಿಯಾ ನಿರುಪದ್ರವಿ ಅಮೋನಿಯಂ ಆಗಿ ಕೂತಿರುತ್ತದೆ. ಬಾಯಿ ಬಿಚ್ಚಿದೊಡನೆ ಅನಿಲ ಹೊರಟುಹೋಗಿ, ಪಿಎಚ್ ಏರಿ ಅದು ವಿಷಕ್ಕೆ ತಿರುಗುತ್ತದೆ. ಗಂಟೆಗಟ್ಟಲೆ ಹನಿಹನಿ ನೀರು ಬಿಡುತ್ತ ಬಿಚ್ಚಿದ ಚೀಲದಲ್ಲಿ ಮೀನನ್ನು ಕೂರಿಸುವುದು ಕರುಣೆಯಂತೆ ಕಾಣುವ ಕ್ರೌರ್ಯ. ಎರಡೂ ಕಡೆ ಸಾಂದ್ರತೆ, ಉಷ್ಣತೆ ಒಂದೇ ಇದ್ದರೆ ಸೀದಾ ಬಿಡಬಹುದು.

ಜೊವಾಂಥಿಡ್ ಹವಳ ಸಾಕಿದವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕಲ್ಲನ್ನು ಬ್ರಷ್ಷಿನಿಂದ ಉಜ್ಜುವುದು, ಬಿಸಿನೀರಿನಲ್ಲಿ ತೊಳೆಯುವುದು ಬೇಡವೇ ಬೇಡ. ಆವಿಯ ಜೊತೆ ಅದು ಶ್ವಾಸಕ್ಕೆ ಸೇರುತ್ತದೆ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ. ಇನ್ನು ಗಟ್ಟಿ ಹವಳ ಇಟ್ಟವರಿಗೆ ಸಾಗಿಸುವ ಚಿಂತೆಗಿಂತ ಮೊದಲು ಕಾನೂನಿನ ಚಿಂತೆ ಇರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲ ಸೇರಿವೆ. ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಕೂಡ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಬಂಡೆಯಿಂದ ಕಿತ್ತದ್ದಾದರೆ ಹುಲಿಯುಗುರು ಇಟ್ಟುಕೊಂಡವರ ಸಾಲಿಗೇ ಸೇರುತ್ತೀರಿ. ಅಂಥ ತುಂಡಿನಿಂದ ತೊಟ್ಟಿ ಚಂದ ಕಾಣುತ್ತದೆಂದು ನಾನಂತೂ ಒಪ್ಪುವುದಿಲ್ಲ.

ದಿನ ಯಾವುದು? ಆಷಾಢದಲ್ಲಿ ಮನೆ ಬದಲಿಸಬಾರದು ಎನ್ನುತ್ತಾರೆ. ತೊಟ್ಟಿಗೆ ಕೇಳಿದರೆ ಆಷಾಢವೇ ಪ್ರಶಸ್ತ: ಮೋಡ, ಜಿಟಿಜಿಟಿ ಮಳೆ, ನೀರು ತಂಪಾಗಿಸುವ ಚಿಲ್ಲರಿನ ಹಂಗಿಲ್ಲ, ಟಾಟಾ ಏಸ್ ಕೂಡ ಕರೆದ ಹೊತ್ತಿಗೆ ಬರುತ್ತದೆ. ಹಿರಿಯರು ಒಪ್ಪದಿದ್ದರೆ ಗೃಹಪ್ರವೇಶ ಮುಗಿಸಿ, ತೊಟ್ಟಿಯನ್ನು ಆಮೇಲೆ ತನ್ನಿ. ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುವ ಯಂತ್ರ. ಹೋಮದ ಹೊಗೆ, ಗೋಡೆಯ ಹೊಸ ಬಣ್ಣದ ಘಾಟು, ಜಿರಳೆಗೆ ಹೊಡೆದ ಔಷಧಿ, ಎಲ್ಲವೂ ಮೀನಿನ ಕಿವಿರಿಗೆ ಹೋಗುತ್ತವೆ.

ಬಂದ ಮೊದಲ ವಾರ ಮೇವು ಅರ್ಧ, ಬೆಳಕೂ ಅರ್ಧ, ದಿನವೂ ಅಮೋನಿಯಾ ಪರೀಕ್ಷೆ. ಲೆದರ್ ಹವಳ ಮುದುಡಿಕೊಂಡು ಮೇಣದಂಥ ಪೊರೆ ಬಿಡುತ್ತದೆ. ಸತ್ತಿತೆಂದು ಎಸೆಯಬೇಡಿ, ಪೊರೆ ಕಳಚಿ ಅರಳುತ್ತದೆ. ಹೊಸ ಮರಳಿನ ಮೇಲೆ ಕಂದು ಡಯಾಟಮ್ ಹರಡಿದರೆ ಗಾಬರಿ ಬೇಡ.

ಓದುಗರ ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು, ಅಪ್ಪಟ ಗುಬ್ಬಿ ಸೀಮೆಯದು: ಬಿಟ್ಟುಹೋಗುವ ಹಳೆಯ ನೀರನ್ನು ತೆಂಗಿನ ಬುಡಕ್ಕೆ ಹಾಕಬಹುದೇ? ತೆಂಗು ಉಪ್ಪನ್ನು ತಾಳುತ್ತದೆ, ನಿಜ. ಆದರೆ 150 ಲೀಟರ್ ಹಾಕಿದರೂ ಅದರಲ್ಲಿ ಐದು ಕಿಲೋಗೂ ಮೀರಿ ಲವಣವಿದೆ, ಪಕ್ಕದ ಅಡಿಕೆಯೂ ವೀಳ್ಯದೆಲೆ ಬಳ್ಳಿಯೂ ಅದನ್ನು ತಾಳುವುದಿಲ್ಲ. ಸುಮ್ಮನೆ ಒಳಚರಂಡಿಗೆ ಬಿಡಿ.