ಕೈ ತೊಳೆಯುವ ನಲ್ಲಿಯ ಬಳಿ ನಡೆದ ಸಂವಾದ

ಹತ್ತನೇ ತರಗತಿಯ ಮಕ್ಕಳನ್ನು ಕಾರ್ಖಾನೆಗೆ ಕರೆಸಿ, ವೇದಿಕೆಯಲ್ಲಿ ನಾಲ್ಕೈದು ಅಧಿಕಾರಿಗಳನ್ನು ಕೂರಿಸಿ ಉದ್ಯೋಗದ ಬಗ್ಗೆ ಮಾತಾಡಿಸಿ, ಊಟ ಹಾಕಿ ಕಳಿಸುವ ಕಾರ್ಯಕ್ರಮಗಳು ಬೆಂಗಳೂರಿನಲ್ಲಿ ನಡೆಯುತ್ತಲೇ ಇರುತ್ತವೆ. ಪಾವಗಡ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರಾಗಿ ನಾನು ಇಂಥ ಮೂರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಮೂರರಲ್ಲೂ ಆತಿಥ್ಯಕ್ಕೆ ಕೊರತೆಯಿರಲಿಲ್ಲ. ಸಂವಾದ ಮಾತ್ರ ಮೂರರಲ್ಲೂ ಸೋತಿತು.

ಕಳೆದ ಸಲ ಹೋದದ್ದು ಪೀಣ್ಯದ ಒಂದು ಕಾರ್ಖಾನೆಗೆ. ಬೆಳಗಿನ ಜಾವ ಬಸ್ಸು ಹತ್ತಿದ್ದ ಮಕ್ಕಳು ಎಸಿ ಹಾಲಿನಲ್ಲಿ ಎರಡು ಗಂಟೆ ಕೂತರು. ಮಾತಾಡಿದ ಐವರೂ ಒಳ್ಳೆಯವರೇ. ಕಷ್ಟಪಟ್ಟು ಮೇಲೆ ಬಂದದ್ದನ್ನು ಮನಸ್ಸು ಬಿಚ್ಚಿ ಹೇಳಿದರು. ಆದರೆ ಎಲ್ಲರ ಕಥೆಯೂ ಇಂಜಿನಿಯರಿಂಗ್ ಸೀಟು ಸಿಕ್ಕಲ್ಲಿಂದ ಶುರು. ನಮ್ಮ ಮಕ್ಕಳಿಗಿದ್ದ ಚಿಂತೆ ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ಎರಡು ತಿಂಗಳದ್ದು: ಪಿಯುಸಿಯೋ, ಐಟಿಐಯೋ, ಡಿಪ್ಲೊಮಾವೋ? ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು ಎಂಬುದನ್ನು ಒಬ್ಬರೂ ಹೇಳಲಿಲ್ಲ. ಹಾಸ್ಟೆಲಿನ ಮಾತಂತೂ ಬರಲೇ ಇಲ್ಲ. ಮಗಳನ್ನು ಸುಮಾರು 150 ಕಿಲೋಮೀಟರ್ ದೂರ ಕಳಿಸಬೇಕಾದ ಅಪ್ಪ ಕೋರ್ಸಿಗಿಂತ ಮೊದಲು ಕೇಳುವುದು ಅದನ್ನೇ. ಕೊನೆಗೆ ‘ಏನಾದ್ರೂ ಕೇಳಿ’ ಅಂದಾಗ ಯಾರೂ ಏಳಲಿಲ್ಲ. ‘ಹಳ್ಳಿ ಮಕ್ಕಳು, ಸಂಕೋಚ’ ಎಂದು ನಿರೂಪಕರು ಮುಗಿಸಿಬಿಟ್ಟರು.

ಊಟಕ್ಕೆ ಬಫೆ. ಅಕ್ಷರ ದಾಸೋಹದಲ್ಲಿ ಸಾಲಾಗಿ ಕೂತು ಉಣ್ಣುವ ಮಕ್ಕಳು ತಟ್ಟೆ ಹಿಡಿದು ನಿಂತಲ್ಲೇ ನಿಂತರು. ಎರಡನೇ ಸಲ ಹಾಕಿಸಿಕೊಳ್ಳಲು ಹೋದವರು ಬೆರಳೆಣಿಕೆಯಷ್ಟು. ಅಧಿಕಾರಿಗಳಿಗೆ ಬೇರೆ ಕೋಣೆಯಲ್ಲಿ ಎಲೆ. ನನ್ನನ್ನೂ ಕರೆದರು, ಹೋಗಲು ಮನಸ್ಸು ಬರಲಿಲ್ಲ. ಮನೆಗೆ ಬಂದವರ ಜೊತೆ ಕೂತು ಉಣ್ಣದೆ ಇರುವುದನ್ನು ನಮ್ಮ ಕಡೆ ಯಾರೂ ಆತಿಥ್ಯ ಅನ್ನುವುದಿಲ್ಲ.

ಅಷ್ಟರಲ್ಲಿ ಟೂಲ್‌ರೂಮಿನ ಕೆಲಸಗಾರರೊಬ್ಬರು ಊಟಕ್ಕೆ ಬಂದರು. ಕೈ ತೊಳೆಯುವ ನಲ್ಲಿಯ ಬಳಿ ನಮ್ಮ ಹುಡುಗಿಯೊಬ್ಬಳು ಅವರ ಕೋಟಿನ ಜೇಬಿನಲ್ಲಿದ್ದ ಮೈಕ್ರೊಮೀಟರ್ ನೋಡಿ ಅದೇನೆಂದು ಕೇಳಿದಳು. ಅವರು ಅವಳದೇ ಒಂದು ಕೂದಲು ಇಸಕೊಂಡು, ಮೈಕ್ರೊಮೀಟರಿನ ಬಾಯಿಗೆ ಕೊಟ್ಟು, ತುದಿಯ ತಿರುಪನ್ನು ಕಟಕಟ ಅನ್ನುವವರೆಗೆ ತಿರುಗಿಸಿ ಅವಳ ಕೈಗೇ ಕೊಟ್ಟರು. ಗೆರೆ ಎಣಿಸಿ ಓದಿದಳು: 0.07 ಮಿಲಿಮೀಟರ್. ‘ನಾನು ಮಾಡೋ ಡೈನಲ್ಲಿ ಇದರ ಅರ್ಧದಷ್ಟು ಹೆಚ್ಚುಕಮ್ಮಿ ಆದ್ರೂ ಪೀಸು ರಿಜೆಕ್ಟು ಕಣಮ್ಮ’ ಅಂದರು. ನೋಡನೋಡುತ್ತಿದ್ದಂತೆ ಹದಿನೈದು ಮಕ್ಕಳು ಸುತ್ತ ಸೇರಿದರು. ‘ಅಣ್ಣಾ, ಹುಡುಗೀರ್ನೂ ಸೇರಿಸ್ಕೊಂತಾರಾ?’ ‘ರಾತ್ರಿ ಪಾಳಿ ಇರುತ್ತಾ?’ ‘ಸಂಬಳ ಎಷ್ಟು?’ ಸಂಕೋಚದ ಮಕ್ಕಳು ಇವರೇ! ಎಸ್ಸೆಸ್ಸೆಲ್ಸಿ ಆದ ಮೇಲೆ ರಾಜಾಜಿನಗರದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಸೇರಿದ್ದು, ಮೂರು ವರ್ಷದ ಕಲಿಕೆ, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ, ಎಲ್ಲವನ್ನೂ ಅವರು ಬಿಡಿಸಿ ಹೇಳುತ್ತಿದ್ದರು. ಆಗ ಗ್ರೂಪ್ ಫೋಟೋಗೆ ಕರೆ ಬಂತು. ಗುಂಪು ಚದುರಿತು.

ನನ್ನ ತಕರಾರು ಇಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆನ್ನುತ್ತದೆ; ಖರ್ಚಿಗೆ ವರದಿ ಬೇಕು, ವರದಿಗೆ ಫೋಟೋ ಬೇಕು, ಒಪ್ಪುತ್ತೇನೆ. ಆದರೆ ದಿನದ ವೇಳಾಪಟ್ಟಿಯನ್ನೇ ಫೋಟೋ ನಿರ್ಧರಿಸಬಾರದು. ಭಾರತೀಯ ವಿಜ್ಞಾನ ಸಂಸ್ಥೆ ಪ್ರತಿ ವರ್ಷ ಬಾಗಿಲು ತೆರೆಯುವ ‘ಓಪನ್ ಡೇ’ ದಿನ ಸಂಶೋಧನೆ ಮಾಡುವವರೇ ತಮ್ಮ ಉಪಕರಣದ ಪಕ್ಕ ನಿಂತು ಬಂದವರಿಗೆ ವಿವರಿಸುತ್ತಾರೆ. ವಸ್ತು ಎದುರಿಗಿದ್ದರೆ ಪ್ರಶ್ನೆ ತಾನೇ ಹುಟ್ಟುತ್ತದೆ. ಪೀಣ್ಯದಲ್ಲಿ ಲೇತು, ಡೈ, ಮೈಕ್ರೊಮೀಟರಿಗೇನು ಬರವೇ? ಭಾಷಣ ಅರ್ಧ ಗಂಟೆ ಸಾಕು. ಹತ್ತು ಮಕ್ಕಳಿಗೆ ಒಬ್ಬ ಕೆಲಸಗಾರರಂತೆ ಕೂರಿಸಿ, ಪಂಕ್ತಿಯಲ್ಲಿ ಬಡಿಸಿ, ಊಟಕ್ಕೆ ಒಂದೂವರೆ ಗಂಟೆ ಕೊಡಿ ಎಂದು ಮುಂದಿನ ಸಲ ಕರೆಯುವವರಿಗೆ ಮೊದಲೇ ಪತ್ರ ಬರೆಯಲಿದ್ದೇನೆ.

ವಾಪಸ್ ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರ ಕೂದಲು ದಪ್ಪ ಎಂಬ ಜಗಳ ನಡೆದಿತ್ತು. ಆ ಹುಡುಗಿ ಮಾತ್ರ ಎದ್ದು ನನ್ನ ಹತ್ತಿರ ಬಂದಳು. ‘ಸಾರ್, ಮೆಜೆಸ್ಟಿಕ್ಕಿಂದ ರಾಜಾಜಿನಗರಕ್ಕೆ ಎಷ್ಟು ದೂರ?’